ಯಂತ್ರದ ಉಸಿರು: ಕಾರಿಗೆ ತಕ್ಕ ಟರ್ಬೋಚಾರ್ಜರನ್ನು ಆರಿಸುವ ಬಗೆ

ಮೋಟಾರು ಕಾರು ಪೆಟ್ರೋಲಿನಿಂದ ಓಡುತ್ತದೆಂದು ನಾವೆಲ್ಲರೂ ಹೇಳುವುದುಂಟು. ಮಾತು ಸುಳ್ಳಲ್ಲ, ಆದರೆ ಅದು ಅರ್ಧ ಸತ್ಯವಷ್ಟೆ. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಮುಂಬಯಿಯ ಹವೆಯಲ್ಲಿ ಅಷ್ಟು ಗಾಳಿಯ ಗಾತ್ರ ಹನ್ನೆರಡು ಘನಮೀಟರಿಗೂ ಮೀರುತ್ತದೆ; ಎಂದರೆ ಚಾಳಿನ ಒಂದು ಚಿಕ್ಕ ಅಡುಗೆಕೋಣೆಯನ್ನು ನೆಲದಿಂದ ಮಾಡಿನವರೆಗೆ ತುಂಬುವಷ್ಟು. ಪೆಟ್ರೋಲನ್ನು ಹೆಚ್ಚಾಗಿ ಸುರಿಯುವುದು ಸುಲಭ. ಗಾಳಿಯನ್ನು ಹೆಚ್ಚಾಗಿ ತುಂಬುವುದೇ ಕಷ್ಟ. ಯಂತ್ರದ ಬಲವನ್ನು ಹೆಚ್ಚಿಸಬೇಕೆಂದವರ ಪ್ರಯತ್ನವೆಲ್ಲ ಕೊನೆಗೆ ಈ ಒಂದು ಕಷ್ಟವನ್ನು ಗೆಲ್ಲುವ ಪ್ರಯತ್ನವೇ ಆಗಿದೆ.

ಹಳ್ಳಿಯ ಮನೆಯಲ್ಲಿ ಹಸಿ ಸೌದೆಯ ಒಲೆಯ ಮುಂದೆ ಕುಳಿತ ಅಜ್ಜಿ ಊದುಗೊಳವೆಯನ್ನು ಬಾಯಿಗಿಟ್ಟು ಊದುವುದನ್ನು ರಜೆಯಲ್ಲಿ ಊರಿಗೆ ಹೋದ ವಿದ್ಯಾರ್ಥಿಗಳು ಕಂಡಿರಬಹುದು. ಕಮ್ಮಾರನ ತಿದಿ ಮಾಡುವ ಕೆಲಸವೂ ಅದೇ. ಗಾಳಿಯನ್ನು ಒತ್ತಿ ಕಳುಹಿಸಿದರೆ ಬೆಂಕಿ ಬಲವಾಗುತ್ತದೆ. ಟರ್ಬೋಚಾರ್ಜರೆಂಬುದು ಕಾರಿನ ಎಂಜಿನಿನ ತಿದಿ. ಆದರೆ ಕಮ್ಮಾರನ ತಿದಿಯನ್ನು ಒತ್ತಲು ಇನ್ನೊಬ್ಬನ ಕೈ ಬೇಕು. ಈ ತಿದಿಯನ್ನು ಎಂಜಿನು ಹೊರಗೆ ಚೆಲ್ಲುವ ಹೊಗೆಯೇ ಒತ್ತುತ್ತದೆ. ಪೆಟ್ರೋಲಿನಲ್ಲಿರುವ ಶಾಖಶಕ್ತಿಯ ಸುಮಾರು ಮೂರನೆಯ ಒಂದು ಪಾಲು ಹೊಗೆಗೊಳವೆಯ ಮೂಲಕ ವ್ಯರ್ಥವಾಗಿ ಹೋಗುವುದಷ್ಟೆ. ಆ ಹೊಗೆಯ ದಾರಿಯಲ್ಲಿ ಒಂದು ಪುಟ್ಟ ಗಾಲಿಯನ್ನಿಟ್ಟರೆ ಅದು ನೀರಿನ ಗಿರಣಿಯ ಚಕ್ರದಂತೆ ತಿರುಗುತ್ತದೆ, ಇದು ಟರ್ಬೈನು. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿ ಮತ್ತೊಂದು ಗಾಲಿ; ಅದು ಹೊರಗಿನ ಗಾಳಿಯನ್ನು ಸೆಳೆದು ಒತ್ತಿ ಎಂಜಿನಿಗೆ ತುಂಬುತ್ತದೆ; ಇದು ಕಂಪ್ರೆಸರು. ಒಂದು ಅಚ್ಚು, ಎರಡು ಗಾಲಿ, ಸುತ್ತ ಎರಡು ಶಂಖಾಕಾರದ ಕವಚ. ಹೇಳಲು ಇಷ್ಟೆ. ಆದರೆ ಚಿಕ್ಕ ಕಾರಿನ ಟರ್ಬೊ ನಿಮಿಷಕ್ಕೆ ಎರಡು ಲಕ್ಷ ಸುತ್ತು ತಿರುಗುತ್ತದೆ. ಗಾಲಿಯ ವ್ಯಾಸ 4 ಸೆಂಟಿಮೀಟರೆಂದು ಹಿಡಿದು ವಿದ್ಯಾರ್ಥಿಗಳೇ ಲೆಕ್ಕ ಮಾಡಿ ನೋಡಬಹುದು: ಅದರ ಅಂಚು ಸೆಕೆಂಡಿಗೆ ಸುಮಾರು 419 ಮೀಟರು ಸಾಗುತ್ತದೆ. ಶಬ್ದದ ವೇಗ ನಮ್ಮ ಹವೆಯಲ್ಲಿ ಸೆಕೆಂಡಿಗೆ 350 ಮೀಟರಿನ ಆಸುಪಾಸು ಮಾತ್ರ.

ಈ ಕಲ್ಪನೆ ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು 1905ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದಿದ್ದನು. ಮೊದಲು ಇದು ಹಡಗುಗಳಿಗೂ ವಿಮಾನಗಳಿಗೂ ಬಂದಿತು. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬಾತನು ವಿಮಾನದ ಎಂಜಿನೊಂದನ್ನು ಪೈಕ್ಸ್ ಪೀಕ್ ಎಂಬ ಎತ್ತರದ ಬೆಟ್ಟದ ತುದಿಗೆ ಒಯ್ದು, ತೆಳುವಾದ ಗಾಳಿಯಲ್ಲಿಯೂ ಟರ್ಬೊ ಅದರ ಬಲವನ್ನು ಕಾಯುವುದೆಂದು ತೋರಿಸಿದನು. ಮಾರಾಟದ ಕಾರುಗಳಿಗೆ ಅದು ಬಂದುದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವರ್ಲೆ ಕೊರ್ವೇರ್ ಕಾರುಗಳಲ್ಲಿ. ಜೆಟ್‌ಫೈರಿನ ಎಂಜಿನು ಕಾಯದಿರಲೆಂದು ನೀರು ಮತ್ತು ಮದ್ಯಸಾರದ ಮಿಶ್ರಣವನ್ನು ಬೇರೊಂದು ತೊಟ್ಟಿಯಲ್ಲಿ ತುಂಬಬೇಕಾಗಿತ್ತು. ಅನೇಕ ಒಡೆಯರು ಅದನ್ನು ತುಂಬಲು ಮರೆತರು, ಕಾರಿನ ಹೆಸರು ಕೆಟ್ಟಿತು. ಟರ್ಬೊದ ಚರಿತ್ರೆಯಲ್ಲಿ ಯಂತ್ರದ ದೋಷಗಳಷ್ಟೇ ಒಡೆಯರ ಅಲಕ್ಷ್ಯವೂ ಕೆಲಸ ಮಾಡಿದೆ.

ನಮ್ಮ ವಾಚಕರಲ್ಲಿ ಹಲವರು ಟರ್ಬೊದ ದನಿಯನ್ನು ತಿಳಿಯದೆಯೇ ಕೇಳಿರುತ್ತಾರೆ. ಕೊಂಕಣ ರೈಲು ಮಾರ್ಗವು 1998ರಲ್ಲಿ ಪೂರ್ತಿಯಾದ ಮೇಲೆ, 2022ರಲ್ಲಿ ಅದರ ವಿದ್ಯುದೀಕರಣ ಮುಗಿಯುವವರೆಗೆ, ಕುರ್ಲಾದಿಂದ ಮಂಗಳೂರಿಗೆ ಹೋಗುವ ಮತ್ಸ್ಯಗಂಧಾ ಗಾಡಿಯನ್ನು ಡೀಸೆಲ್ ಎಂಜಿನುಗಳು ಎಳೆಯುತ್ತಿದ್ದವು. ಗಾಡಿ ಹೊರಡುವಾಗ ಗುಡುಗಿನ ಮೇಲೆ ತೇಲಿಬರುತ್ತಿದ್ದ ಸಣ್ಣ ಶಿಳ್ಳೆ ಟರ್ಬೊದ್ದು. ಇಲ್ಲಿಯೇ ಒಂದು ಪಾಠವಿದೆ. ನಮ್ಮ ರೈಲ್ವೆಯ ಹಳೆಯ ಡಬ್ಲ್ಯು.ಡಿ.ಎಂ.-2 ಎಂಜಿನಿಗೆ ಹದಿನಾರು ಸಿಲಿಂಡರು, 2600 ಅಶ್ವಶಕ್ತಿ. ಅದರ ಮುಂದಿನ ಪೀಳಿಗೆಯಾದ ಡಬ್ಲ್ಯು.ಡಿ.ಎಂ.-3ಎ ಎಂಜಿನಿಗೂ ಅದೇ ಹದಿನಾರು ಸಿಲಿಂಡರು. ಆದರೆ ಹೆಚ್ಚು ಸಾಮರ್ಥ್ಯದ ಟರ್ಬೊ ಮತ್ತು ಅದಕ್ಕೆ ತಕ್ಕ ಇತರ ಸುಧಾರಣೆಗಳಿಂದ 3100 ಅಶ್ವಶಕ್ತಿ. ‘ಅದಕ್ಕೆ ತಕ್ಕ ಇತರ ಸುಧಾರಣೆಗಳು’ ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ನಮ್ಮ ವಿಚಾರವೆಲ್ಲ ಅದರ ಮೇಲೆಯೇ ನಿಂತಿದೆ.

ಇನ್ನು ಕಾರಿನ ಮಾತು. ಮುಂಬಯಿಗೂ ಫಿಯೆಟ್ ಎಂಬ ಹೆಸರಿಗೂ ಹಳೆಯ ನಂಟು. ಭಾರತದಲ್ಲಿ ಮೋಟಾರು ತಯಾರಿಕೆ ನಡೆಯಬೇಕೆಂದು 1930ರ ದಶಕದಲ್ಲಿ ಯೋಜನೆ ಸಿದ್ಧಪಡಿಸಿ ಪಟ್ಟು ಹಿಡಿದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು, ಅವರೊಡನೆ ಕೈಜೋಡಿಸಿದ ಉದ್ಯಮಿ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸನ್ನು ಸ್ಥಾಪಿಸಿದರು. ಕುರ್ಲಾದ ಅದರ ಕಾರ್ಖಾನೆಯಿಂದ ಹೊರಬಂದ ಫಿಯೆಟ್ 1100 ಕಾರೇ ಮುಂದೆ ಪ್ರೀಮಿಯರ್ ಪದ್ಮಿನಿಯಾಗಿ, ಕಪ್ಪು-ಹಳದಿ ಬಣ್ಣದ ಟ್ಯಾಕ್ಸಿಯಾಗಿ, ಈ ನಗರದ ಗುರುತೇ ಆಗಿತ್ತು. ಆ ಟ್ಯಾಕ್ಸಿಗಳ ಕೊನೆಯದು ರಸ್ತೆಯಿಂದ ಮರೆಯಾದುದು 2023ರ ಅಕ್ಟೋಬರಿನಲ್ಲಿ. ಪದ್ಮಿನಿಯ ಎಂಜಿನು 1089 ಸಿ.ಸಿ.; ಬಲ ನಲವತ್ತು ಅಶ್ವಶಕ್ತಿಯ ಆಸುಪಾಸು. ಅದೇ ಫಿಯೆಟ್ ಸಂಸ್ಥೆ 2010ರಲ್ಲಿ ಪುಣೆಯ ಬಳಿಯ ರಂಜನಗಾಂವ್‌ನಲ್ಲಿ ತಯಾರಿಸಿ ಮಾರಿದ ಲೀನಿಯಾ ಟಿ-ಜೆಟ್ ಕಾರಿನ ಎಂಜಿನು 1368 ಸಿ.ಸಿ.; ಬಲ 114 ಅಶ್ವಶಕ್ತಿ. ಗಾತ್ರ ಕಾಲು ಭಾಗ ಹೆಚ್ಚಿದರೆ ಬಲ ಸುಮಾರು ಮೂರು ಪಾಲಾಗಿದೆ. ಇದರಲ್ಲಿ ಕಾಲಧರ್ಮದ ಸುಧಾರಣೆಗಳ ಪಾಲೂ ಉಂಟು, ಟರ್ಬೊದ ಪಾಲೂ ಉಂಟು. 2015ರಲ್ಲಿ ಅದೇ ಎಂಜಿನನ್ನು 145 ಅಶ್ವಶಕ್ತಿಗೆ ಏರಿಸಿ ಅಬಾರ್ತ್ ಪುಂಟೊ ಎಂಬ ಚುರುಕು ಕಾರನ್ನೂ ಇಲ್ಲಿ ಮಾರಿದರು. 2019ರ ಹೊತ್ತಿಗೆ ಈ ಕಾರುಗಳ ಮಾರಾಟ ನಿಂತಿತು. ಆದರೂ ಇವನ್ನು ಪ್ರೀತಿಯಿಂದ ಸಾಕಿಕೊಂಡವರು ನಮ್ಮ ನಗರದಲ್ಲಿ ಇಂದಿಗೂ ಇದ್ದಾರೆ.

ಅಂತಹವರಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ನಮ್ಮಲ್ಲಿಗೆ ಒಂದು ಪ್ರಶ್ನೆಯನ್ನು ತಂದರು. ಅವರ ತಂದೆ ಮಾಟುಂಗದಲ್ಲಿ ಹೋಟೆಲು ನಡೆಸುವವರು. ಇವರು ಯಾರೋ ಬಳಸಿ ಮಾರಿದ ಟಿ-ಜೆಟ್ ಕಾರನ್ನು ಕೊಂಡಿದ್ದರು. ಕಾರು ನೀಲಿ ಹೊಗೆ ಬಿಡತೊಡಗಿತ್ತು. ಟರ್ಬೊದ ಅಚ್ಚು ಸವೆದು ಎಣ್ಣೆ ಸೋರುತ್ತಿತ್ತು. ಹೇಗಿದ್ದರೂ ಬದಲಿಸಲೇಬೇಕು, ಬದಲಿಸುವಾಗ ದೊಡ್ಡದನ್ನೇ ಏಕೆ ಹಾಕಿಸಬಾರದು? ಗ್ಯಾರೇಜಿನವನು 2000 ಸಿ.ಸಿ.ಯ ಬೇರೊಂದು ಕಾರಿನಿಂದ ಕಳಚಿದ ಟರ್ಬೊವನ್ನು ತೋರಿಸಿ, “ಇದನ್ನು ಹಾಕಿಸಿ ಸೇಠ್, ಇನ್ನೂರು ಕುದುರೆ ಓಡುತ್ತವೆ” ಎಂದಿದ್ದನಂತೆ. ಇವರ ಮನಸ್ಸು ನೂರ ಎಂಬತ್ತಕ್ಕೆ ನಿಂತಿತ್ತು. “ಯಾವುದನ್ನು ಹಾಕಿಸಲಿ, ಸಾರ್?” ಎಂದು ಕೇಳಿದರು. ಇದೇ ಕಾರಿನಲ್ಲಿ ವರ್ಷಕ್ಕೊಮ್ಮೆ ವಯಸ್ಸಾದ ತಂದೆತಾಯಿಯರನ್ನು ಕುಂದಾಪುರಕ್ಕೆ ಕರೆದೊಯ್ಯುವುದೂ ಅವರದೇ ಹೊಣೆ. ಇರುಳಿನಲ್ಲಿ ಘಟ್ಟದ ನಡುವೆ ಎಂಜಿನು ಕೈಬಿಟ್ಟರೆ ಏನು ಗತಿ ಎಂಬುದನ್ನು ಅವರೂ ಬಲ್ಲರು. ಆದುದರಿಂದ ಹೌದು ಅಲ್ಲವೆಂಬ ಉತ್ತರ ಕೊಡುವ ಬದಲು ಲೆಕ್ಕದ ಹಾಳೆಯನ್ನೇ ಮುಂದಿಟ್ಟೆವು. ಆ ಲೆಕ್ಕವನ್ನು ಹತ್ತನೆಯ ತರಗತಿಯ ಯಾವ ವಿದ್ಯಾರ್ಥಿಯೂ ಮಾಡಬಹುದು.

ಮೊದಲು ಎಂಜಿನು ಎಷ್ಟು ಗಾಳಿಯನ್ನು ಉಸಿರಾಡುತ್ತದೆಂದು ತಿಳಿಯಬೇಕು. ಈ ಎಂಜಿನಿನ ಸಿಲಿಂಡರಿನ ವ್ಯಾಸ 72 ಮಿಲಿಮೀಟರು, ಪಿಸ್ಟನ್ನಿನ ಓಟ 84 ಮಿಲಿಮೀಟರು, ಸಿಲಿಂಡರುಗಳು ನಾಲ್ಕು. ಗುಣಿಸಿದರೆ 1368 ಘನ ಸೆಂಟಿಮೀಟರು ಸರಿಯಾಗಿ ಬರುತ್ತದೆ. ನಾಲ್ಕು ಹೊಡೆತಗಳ ಎಂಜಿನು ಎರಡು ಸುತ್ತಿಗೆ ಒಮ್ಮೆ ಮಾತ್ರ ಉಸಿರು ಎಳೆಯುತ್ತದೆ. ಹಾಗಾದರೆ ನಿಮಿಷಕ್ಕೆ 5500 ಸುತ್ತಿನಲ್ಲಿ 2750 ಬಾರಿ, ಪ್ರತಿ ಬಾರಿಯೂ 1.368 ಲೀಟರು, ಒಟ್ಟು 3762 ಲೀಟರು. ಕವಾಟಗಳ ಇಕ್ಕಟ್ಟಿನಿಂದ ಅದು ಪೂರ್ತಿ ತುಂಬಲಾರದು. ಶೇಕಡಾ 90 ತುಂಬಿತೆಂದು ಇಟ್ಟುಕೊಳ್ಳೋಣ. ಸುಮಾರು 3386 ಲೀಟರಾಯಿತು. 30 ಡಿಗ್ರಿ ಸೆಂಟಿಗ್ರೇಡಿನ ಗಾಳಿಯ ತೂಕ ಘನಮೀಟರಿಗೆ ಸುಮಾರು 1.16 ಕಿಲೋಗ್ರಾಂ. ಆದುದರಿಂದ ಟರ್ಬೊ ಇಲ್ಲದಿದ್ದರೆ ಈ ಎಂಜಿನು ನಿಮಿಷಕ್ಕೆ 3.93 ಕಿಲೋಗ್ರಾಂ ಗಾಳಿಯನ್ನು ಮಾತ್ರ ಸೇವಿಸಬಲ್ಲುದು.

ಇನ್ನು ಬಲದ ಕಡೆಯಿಂದ ನೋಡೋಣ. ಪೂರ್ಣ ಬಲದಲ್ಲಿ ಓಡುವ ಪೆಟ್ರೋಲ್ ಎಂಜಿನು ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 230 ಗ್ರಾಂ ಪೆಟ್ರೋಲು ಉರಿಸುತ್ತದೆ. ಆಗ ಮಿಶ್ರಣವನ್ನು ತುಸು ಸಮೃದ್ಧವಾಗಿಡುವುದು ವಾಡಿಕೆ, 14.7ರ ಬದಲು 12.5 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲು. ಹೀಗೆ 145 ಅಶ್ವಶಕ್ತಿಗೆ ಗಂಟೆಗೆ ಸುಮಾರು 417 ಕಿಲೋಗ್ರಾಂ ಗಾಳಿ, ಎಂದರೆ ನಿಮಿಷಕ್ಕೆ 6.95 ಕಿಲೋಗ್ರಾಂ ಬೇಕಾಗುತ್ತದೆ. ಎಂಜಿನು ತಾನಾಗಿ ಎಳೆಯುವುದು 3.93. ಆದುದರಿಂದ ಒಳಗೆ ಹೋಗುವ ಗಾಳಿ ಹೊರಗಿನ ಗಾಳಿಗಿಂತ 1.77 ಪಾಲು ದಟ್ಟವಾಗಿರಬೇಕು. ದಾದರಿನಲ್ಲಿ ಸಂಜೆಯ ವಿರಾರ್ ಗಾಡಿಗೆ ಜನ ಹತ್ತುವ ಬಗೆಯನ್ನು ಬಲ್ಲವರಿಗೆ ದಟ್ಟಣೆ ಎಂದರೇನೆಂದು ವಿವರಿಸಬೇಕಾಗಿಲ್ಲ: ಡಬ್ಬಿಯ ಗಾತ್ರ ಅಷ್ಟೇ, ಒಳಗಿನವರ ಸಂಖ್ಯೆ ಮಾತ್ರ ಬೇರೆ. ಒತ್ತಿದ ಗಾಳಿ ಕಾಯುತ್ತದೆ. ತಂಪುಗೊಳಿಸಿದರೂ ಎಂಜಿನನ್ನು ಮುಟ್ಟುವಾಗ 50 ಡಿಗ್ರಿ ಇರುತ್ತದೆಂದು ಹಿಡಿದರೆ, ಬೇಕಾಗುವ ಒತ್ತಡ ಹೊರಗಿನದರ 1.89 ಪಾಲು. ಇದೇ ರೀತಿಯಲ್ಲಿ ಲೀನಿಯಾದ 114 ಅಶ್ವಶಕ್ತಿಗೆ 5000 ಸುತ್ತಿನಲ್ಲಿ 1.63 ಪಾಲು ಸಾಕು. ನಮ್ಮ ಮಿತ್ರರು ಬಯಸಿದ 180 ಅಶ್ವಶಕ್ತಿಗೆ 5750 ಸುತ್ತಿನಲ್ಲಿ ನಿಮಿಷಕ್ಕೆ 8.63 ಕಿಲೋಗ್ರಾಂ ಗಾಳಿಯೂ 2.24 ಪಾಲು ಒತ್ತಡವೂ ಬೇಕು. ಇವೆಲ್ಲ ಸ್ಥೂಲ ಅಂಕೆಗಳು. ಆದರೆ ಅಂಗಡಿಯ ಮುಂದೆ ನಿಂತವನಿಗೆ ಸ್ಥೂಲ ಅಂಕೆಯೂ ದೊಡ್ಡ ರಕ್ಷಣೆ.

ಈ ಎರಡು ಸಂಖ್ಯೆಗಳು, ಗಾಳಿಯ ತೂಕ ಮತ್ತು ಒತ್ತಡದ ಪಾಲು, ಕೈಯಲ್ಲಿದ್ದರೆ ಟರ್ಬೊದ ನಕ್ಷೆಯನ್ನು ಓದಬಹುದು. ಟರ್ಬೊ ತಯಾರಕರು ತಮ್ಮ ಕಂಪ್ರೆಸರುಗಳಿಗೆ ನಕ್ಷೆಗಳನ್ನು ಸಿದ್ಧಪಡಿಸಿರುತ್ತಾರೆ. ಭೂಗೋಳದ ಪುಸ್ತಕದಲ್ಲಿ ಬೆಟ್ಟಗಳ ಎತ್ತರವನ್ನು ತೋರಿಸಲು ಒಂದರೊಳಗೊಂದು ಗೆರೆಗಳನ್ನು ಎಳೆದಿರುವುದನ್ನು ನೋಡಿದ್ದೇವಷ್ಟೆ, ಇದೂ ಅಂತಹದೇ. ಅಡ್ಡಲಾಗಿ ಗಾಳಿಯ ತೂಕ, ಉದ್ದಕ್ಕೆ ಒತ್ತಡದ ಪಾಲು. ನಡುವಿನ ದ್ವೀಪವೇ ಕಂಪ್ರೆಸರು ಹೆಚ್ಚು ದಕ್ಷತೆಯಿಂದ ಕೆಲಸಮಾಡುವ ಸ್ಥಳ. ದ್ವೀಪದಿಂದ ದೂರ ಹೋದಷ್ಟೂ ಹಾಕಿದ ಶಕ್ತಿ ಗಾಳಿಯನ್ನು ಒತ್ತುವುದಕ್ಕಿಂತ ಕಾಯಿಸುವುದಕ್ಕೇ ವ್ಯಯವಾಗುತ್ತದೆ. ಬಲಗಡೆಯ ಅಂಚಿನಲ್ಲಿ ಕಂಪ್ರೆಸರಿನ ಕೊರಳು ಕಟ್ಟುತ್ತದೆ. ಎಷ್ಟು ವೇಗವಾಗಿ ತಿರುಗಿದರೂ ಅದಕ್ಕಿಂತ ಹೆಚ್ಚು ಗಾಳಿ ಹೋಗದು. ಎಡಗಡೆಯ ಅಂಚಿನದು ಇನ್ನೂ ಕೆಟ್ಟ ಅಪಾಯ. ಕಂಪ್ರೆಸರು ಬಲವಾಗಿ ನೂಕುತ್ತಿರುವಾಗ ಮುಂದೆ ಎಂಜಿನು ಅಷ್ಟು ಗಾಳಿಯನ್ನು ತೆಗೆದುಕೊಳ್ಳದಿದ್ದರೆ, ಒತ್ತಿದ ಗಾಳಿ ಹಿಂದಕ್ಕೆ ನುಗ್ಗುತ್ತದೆ. ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಸೇತುವೆಯ ಮೆಟ್ಟಿಲಿನ ಕೆಳಗಡೆ ದಾರಿ ಮುಚ್ಚಿದಾಗ ಮೇಲಿನ ಜನಸಂದಣಿ ಹಿಂದುಮುಂದಾಗಿ ತೂಗುವಂತೆ. ಇದನ್ನು ಸರ್ಜ್ ಎನ್ನುತ್ತಾರೆ. ಗಾಲಿಯ ಅಚ್ಚನ್ನು ಹಿಡಿದ ಬೇರಿಂಗುಗಳಿಗೆ ಇದು ಮಾರಕ.

ಚಿಕ್ಕ ಟರ್ಬೊದ ಅಪಾಯ ಬಲಗಡೆಯಲ್ಲಿ, ದೊಡ್ಡದರದು ಎಡಗಡೆಯಲ್ಲಿ. 5500 ಸುತ್ತಿನಲ್ಲಿ 6.95 ಕಿಲೋಗ್ರಾಂ ಗಾಳಿಯನ್ನು ಬಯಸುವ ಎಂಜಿನು ಅದೇ ಒತ್ತಡದಲ್ಲಿ 2500 ಸುತ್ತಿಗೆ ಇಳಿದಾಗ 3.2 ಕಿಲೋಗ್ರಾಂ ಮಾತ್ರ ಬಯಸುತ್ತದೆ. ಈ ಎರಡು ತುದಿಗಳೂ ಒಂದೇ ನಕ್ಷೆಯೊಳಗೆ ಅಡಗಬೇಕು. 2000 ಸಿ.ಸಿ.ಯ ಕಾರಿನ ಟರ್ಬೊವನ್ನು 1368 ಸಿ.ಸಿ.ಗೆ ಜೋಡಿಸಿದರೆ, ಮೇಲಿನ ತುದಿ ಸುಖವಾಗಿ ಅಡಗುತ್ತದೆ. ಕೆಳಗಿನ ತುದಿ ಸರ್ಜಿನ ಗೆರೆಯ ಮೇಲೆ ಬಂದು ನಿಲ್ಲುವ ಭಯವಿದೆ. ಇಲ್ಲವೆ ಅಲ್ಲಿ ಒತ್ತಡವೇ ಹುಟ್ಟುವುದಿಲ್ಲ.

ಒತ್ತಡ ಹುಟ್ಟದಿರುವುದಕ್ಕೆ ಇನ್ನೊಂದು ಕಾರಣ ಗಾಲಿಯ ಜಡತ್ವ. ಒಂದೇ ಆಕಾರದ ಎರಡು ಗಾಲಿಗಳಲ್ಲಿ ಒಂದರ ವ್ಯಾಸ 4, ಇನ್ನೊಂದರದು 5 ಸೆಂಟಿಮೀಟರಾದರೆ, ತೂಕವು ವ್ಯಾಸದ ಘನದಂತೆ ಹೆಚ್ಚುತ್ತದೆ. ತಿರುಗುವ ಜಡತ್ವಕ್ಕೆ ಅದರ ಮೇಲೆ ವ್ಯಾಸದ ವರ್ಗವೂ ಸೇರುತ್ತದೆ. ಒಟ್ಟಿನಲ್ಲಿ ಐದನೆಯ ಘಾತ. 1.25ನ್ನು ಐದು ಸಲ ಗುಣಿಸಿದರೆ 3ಕ್ಕೆ ಮೀರುತ್ತದೆ! ಬರಿಯ ಒಂದು ಸೆಂಟಿಮೀಟರಿಗೆ ಮೂರು ಪಾಲು ಜಡತ್ವ. ಚಾಲಕನು ಕಾಲೊತ್ತಿದ ಮೇಲೆ ಗಾಲಿ ವೇಗ ಪಡೆದು ಒತ್ತಡ ಬರುವವರೆಗಿನ ಕಾಯುವಿಕೆಯೇ ಟರ್ಬೊದ ವಿಳಂಬ. ಲೀನಿಯಾದ ಎಂಜಿನು ತನ್ನ ಪೂರ್ಣ ತಿರುಚುಬಲವಾದ 207 ನ್ಯೂಟನ್-ಮೀಟರನ್ನು 2200 ಸುತ್ತಿನಲ್ಲಿಯೇ ಕೊಡುತ್ತಿದ್ದುದಕ್ಕೆ ಅದರ ಗಾಲಿ ಚಿಕ್ಕದಾಗಿದ್ದುದು ಮುಖ್ಯ ಕಾರಣ. ಸಯನ್ನಿನಿಂದ ಅಂಧೇರಿಯವರೆಗೆ ಒಂದು ಸಿಗ್ನಲಿನಿಂದ ಇನ್ನೊಂದಕ್ಕೆ ತೆವಳುವ ಕಾರು 4000 ಸುತ್ತನ್ನು ದಿನಕ್ಕೆ ಎಷ್ಟು ಸಲ ಕಂಡೀತು? ಅಲ್ಲಿ ದೊಡ್ಡ ಟರ್ಬೊ ಹೊಂದಿದ ಕಾರು ಟರ್ಬೊವೇ ಇಲ್ಲದ ಕಾರಿಗಿಂತಲೂ ಸೋಮಾರಿ. ಶಿಳ್ಳೆಯ ಸದ್ದಿಗಾಗಿಯೇ ದೊಡ್ಡದನ್ನು ಹಾಕಿಸುವವರೂ ಉಂಟು. ಅವರೊಡನೆ ನಮ್ಮ ಲೆಕ್ಕ ನಡೆಯದು.

ಹೊಗೆಯ ಕಡೆಯ ಕವಚವನ್ನೂ ನೋಡಬೇಕು. ತೋಟದ ರಬ್ಬರು ಕೊಳವೆಯ ಬಾಯಿಗೆ ಹೆಬ್ಬೆರಳಿಟ್ಟರೆ ನೀರು ದೂರಕ್ಕೆ ಚಿಮ್ಮುತ್ತದೆ. ಆದರೆ ಕೊಡ ತುಂಬಲು ತಡವಾಗುತ್ತದೆ. ಕಿರಿದಾದ ಕವಚ ಗಾಲಿಯನ್ನು ಬೇಗ ತಿರುಗಿಸುತ್ತದೆ, ಆದರೆ ವೇಗ ಹೆಚ್ಚಿದಾಗ ಹೊಗೆಯನ್ನು ತಡೆಯುತ್ತದೆ. ಅಗಲವಾದುದು ಇದಕ್ಕೆ ವಿರುದ್ಧ. ಚಿಕ್ಕ ಕವಚವನ್ನಿಟ್ಟು, ಒತ್ತಡ ಮೀರಿದಾಗ ಹೆಚ್ಚಿನ ಹೊಗೆಯನ್ನು ಪಕ್ಕಕ್ಕೆ ಹಾಯಿಸುವ ವೇಸ್ಟ್‌ಗೇಟ್ ಎಂಬ ಕಿರುಬಾಗಿಲನ್ನು ಇಡುವುದು ರಸ್ತೆಯ ಕಾರುಗಳ ಸಾಮಾನ್ಯ ಕ್ರಮ. ಕೆರೆಗೆ ಕೋಡಿ ಇದ್ದ ಹಾಗೆ ಇದು. ಕೋಡಿಯನ್ನು ಮುಚ್ಚಿ ನೀರಿನ ಮಟ್ಟವನ್ನು ಏರಿಸಬಹುದು. ಏರಿ ತಡೆದೀತೇ ಎಂಬುದು ಬೇರೆ ಪ್ರಶ್ನೆ.

ಆ ಬೇರೆ ಪ್ರಶ್ನೆಗೆ ಬರೋಣ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. 30 ಡಿಗ್ರಿಯ ಗಾಳಿಯನ್ನು 1.89 ಪಾಲಿಗೆ ಒತ್ತಿದರೆ, ಕಂಪ್ರೆಸರಿನ ದಕ್ಷತೆ ಶೇಕಡಾ 70 ಇದ್ದರೆ, ಅದು ಸುಮಾರು 116 ಡಿಗ್ರಿಗೆ ಏರುತ್ತದೆ. 2.24 ಪಾಲಿಗೆ ಒತ್ತಿದರೆ 142. ಹಳೆಯ ಚಿಕ್ಕ ಟರ್ಬೊವನ್ನೇ ಬಲವಂತವಾಗಿ ಅಷ್ಟಕ್ಕೆ ಏರಿಸಿದರೆ ಅದು ದ್ವೀಪದಿಂದ ಹೊರಬಿದ್ದು ದಕ್ಷತೆ ಶೇಕಡಾ 60ಕ್ಕೆ ಇಳಿದೀತು. ಆಗ 161 ಡಿಗ್ರಿ. ಕಾದ ಗಾಳಿ ಕಾದ ಸಿಲಿಂಡರಿಗೆ ಹೋದಾಗ, ಕಿಡಿಯ ಜ್ವಾಲೆ ತಲುಪುವ ಮುನ್ನವೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸ್ಫೋಟಿಸುತ್ತದೆ. ಹೊರಗೆ ಕೇಳುವುದು ಸಣ್ಣ ಟಕಟಕ ಸದ್ದು. ಒಳಗೆ ಪಿಸ್ಟನ್ನಿನ ನೆತ್ತಿಗೆ ಸುತ್ತಿಗೆಯ ಪೆಟ್ಟು. ಇದನ್ನು ತಡೆಯುವ ಗುಣವನ್ನೇ ಪೆಟ್ರೋಲಿನ ಆಕ್ಟೇನ್ ಸಂಖ್ಯೆ ಸೂಚಿಸುತ್ತದೆ. 2023ರಿಂದ ಹಂತಹಂತವಾಗಿ ಬಂದಿರುವ, ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ಈ ವಿಷಯದಲ್ಲಿ ತುಸು ಸಹಾಯಕವೇ. ಆದರೆ ಎಥನಾಲ್ ಉರಿಯಲು ತನ್ನ ತೂಕದ ಒಂಬತ್ತು ಪಾಲು ಗಾಳಿ ಮಾತ್ರ ಸಾಕು. ಎಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನವನ್ನು ಚಿಮ್ಮಿಸಬೇಕು. ಹಳೆಯ ಕಾರಿನ ಇಂಧನ ಚಿಮ್ಮುವ ಮೂತಿಗಳು 114 ಅಶ್ವಶಕ್ತಿಗೆ ಅಳೆದು ಇಟ್ಟವು. ಅವನ್ನು ಬದಲಿಸದೆ ಗಾಳಿಯನ್ನಷ್ಟೇ ಹೆಚ್ಚಿಸಿದರೆ ಮಿಶ್ರಣ ಬಡವಾಗಿ ಉರಿ ಇನ್ನೂ ತೀವ್ರವಾಗುತ್ತದೆ.

ಬಲದ ಮಾತಂತೂ ಸರಳ ಗಣಿತ. ಪಿಸ್ಟನ್ನಿನ ನೆತ್ತಿಯ ವಿಸ್ತೀರ್ಣ 40.7 ಚದರ ಸೆಂಟಿಮೀಟರು. ಸಿಲಿಂಡರಿನೊಳಗಿನ ಅತ್ಯಧಿಕ ಒತ್ತಡ 10 ಬಾರ್ ಹೆಚ್ಚಿದರೆ ಅದರ ಮೇಲೆ ಸುಮಾರು 415 ಕಿಲೋಗ್ರಾಂ ತೂಕ ಅಧಿಕವಾಗಿ ಬಿದ್ದಂತೆ. ಅದೂ ನಿಮಿಷಕ್ಕೆ 2750 ಬಾರಿ. ಅದನ್ನು ಹೊರುವುದು ಬೆರಳುದಪ್ಪದ ಕನೆಕ್ಟಿಂಗ್ ರಾಡು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಲೋಹಕ್ಕೂ ಅನ್ವಯಿಸುತ್ತದೆ.

ಹಾಗಾದರೆ ಈ ಎಂಜಿನಿನಿಂದ 180 ಅಶ್ವಶಕ್ತಿ ಸಾಧ್ಯವೇ ಇಲ್ಲವೆ? ಸಾಧ್ಯವೆಂದು ಇಟಲಿಯಲ್ಲಿ ಅಬಾರ್ತ್‌ನವರೇ ತೋರಿಸಿದ್ದಾರೆ. ಅಲ್ಲಿ 2007ರಲ್ಲಿ ಬಂದ ಅಬಾರ್ತ್ ಗ್ರಾಂಡೆ ಪುಂಟೊ ಕಾರಿಗೆ ಇದೇ 1368 ಸಿ.ಸಿ.ಯ ಎಂಜಿನು, ಜಪಾನಿನ ಐ.ಎಚ್.ಐ. ಸಂಸ್ಥೆಯ ಚಿಕ್ಕ ಟರ್ಬೊ, 155 ಅಶ್ವಶಕ್ತಿ. ಇನ್ನೂ ಬೇಕೆಂದವರಿಗೆ ‘ಎಸ್ಸೆಎಸ್ಸೆ’ ಎಂಬ ಹೆಸರಿನ ಸಾಮಗ್ರಿಯನ್ನು ಮರದ ಪೆಟ್ಟಿಗೆಯಲ್ಲಿ ತುಂಬಿ ಕೊಡುತ್ತಿದ್ದರು. ಅದನ್ನು ಜೋಡಿಸಿದರೆ 180. ಆ ಪೆಟ್ಟಿಗೆಯಲ್ಲಿ ಏನಿತ್ತೆಂಬುದೇ ಕುತೂಹಲದ ವಿಷಯ. ಗ್ಯಾರೆಟ್ ಸಂಸ್ಥೆಯ, ತುಸುವೇ ದೊಡ್ಡದಾದ ಟರ್ಬೊ ಇತ್ತು. ಅದರೊಡನೆ ಗಾಳಿಯ ಸೋಸುಗ, ಕಾರನ್ನು ತಗ್ಗಿಸುವ ಸ್ಪ್ರಿಂಗುಗಳು, ಬ್ರೇಕಿನ ಸಾಮಗ್ರಿ, ದೊಡ್ಡ ಚಕ್ರಗಳು ಇದ್ದವು. ಎಂಜಿನಿನ ಗಣಕಕ್ಕೆ ಹೊಸ ಲೆಕ್ಕವನ್ನೂ ತುಂಬುತ್ತಿದ್ದರು. ಓಡುವ ಶಕ್ತಿಯನ್ನು ಕೊಟ್ಟವರು ನಿಲ್ಲುವ ಶಕ್ತಿಯನ್ನೂ ಜೊತೆಗೇ ಕಟ್ಟಿ ಕಳುಹಿಸಿದರು. ಗ್ಯಾರೇಜಿನವನು ತೋರಿಸಿದ ಟರ್ಬೊಕ್ಕೂ ಈ ಪೆಟ್ಟಿಗೆಗೂ ಇರುವ ಅಂತರವನ್ನು ನಮ್ಮ ಮಿತ್ರರು ಆಗಲೇ ಗ್ರಹಿಸಿದರು.

ಮುಂಬಯಿಯ ಹವೆಯ ಬಗೆಗೆ ಒಂದೆರಡು ಮಾತು ಹೇಳಬೇಕು. 30 ಡಿಗ್ರಿಯಲ್ಲಿ ತೇವಾಂಶ ಶೇಕಡಾ 80 ಇದ್ದರೆ ಗಾಳಿಯ ಸುಮಾರು ಶೇಕಡಾ 3.3 ಪಾಲು ನೀರಿನ ಆವಿಯೇ ಆಗಿರುತ್ತದೆ. ಅಷ್ಟು ಪಾಲು ಆಮ್ಲಜನಕ ಕಡಿಮೆ. ಮಳೆಗಾಲದಲ್ಲಿ ಕಾರು ‘ಭಾರ’ವೆನಿಸುವುದಕ್ಕೆ ಇದೂ ಒಂದು ಕಾರಣವಾದೀತು. ಖಂಡಾಲ ಘಟ್ಟವನ್ನೇರಿ 600 ಮೀಟರಿನ ಮೇಲಿರುವ ಲೋಣಾವಳವನ್ನು ಮುಟ್ಟಿದಾಗ ವಾಯುಭಾರ ಸುಮಾರು ಶೇಕಡಾ 7 ಇಳಿದಿರುತ್ತದೆ. ಹಳೆಯ ಪದ್ಮಿನಿಗೆ ಅಷ್ಟು ಬಲ ನಷ್ಟ. ಟರ್ಬೊ ಉಳ್ಳ ಕಾರು ಗಾಲಿಯನ್ನು ತುಸು ಹೆಚ್ಚು ತಿರುಗಿಸಿ ಆ ಕೊರತೆಯನ್ನು ತುಂಬಿಕೊಳ್ಳುತ್ತದೆ. ಆದರೆ ಮೊದಲೇ ಅಂಚಿನಲ್ಲಿ ದುಡಿಯುವ ಟರ್ಬೊಗೆ ಆ ‘ತುಸು ಹೆಚ್ಚು’ ಎಲ್ಲಿಂದ ಬರಬೇಕು? ನಗರದ ನಿಧಾನಗತಿಯಲ್ಲಂತೂ ಗಾಳಿಯನ್ನು ತಂಪುಗೊಳಿಸುವ ಇಂಟರ್‌ಕೂಲರಿಗೆ ಎದುರುಗಾಳಿಯೇ ಸಿಗದು. ಅಲ್ಲಿ ಅದು ತಾನೇ ಕಾದು ಕುಳಿತಿರುತ್ತದೆ.

ಕಾನೂನಿನ ವಿಷಯವನ್ನು ಚುಟುಕಾಗಿ ಹೇಳುತ್ತೇವೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಕೆಟ್ಟುದರ ಬದಲಿಗೆ ಅದೇ ಬಗೆಯದನ್ನು ಹಾಕಿಸುವುದಕ್ಕೆ ಅಡ್ಡಿಯಿಲ್ಲ. ಅಳತೆ ಮೀರಿದ ಬಲದ ಕಾರುಗಳ ಸ್ಥಳ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಅಥವಾ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂತಹ ಪಂದ್ಯದ ಹಾದಿ. ಅಲ್ಲಿ 4000 ಸುತ್ತಿನ ಕೆಳಗೆ ಇಳಿಯುವ ಪ್ರಸಂಗವೇ ಕಡಿಮೆಯಾದುದರಿಂದ ದೊಡ್ಡ ಟರ್ಬೊ ಅಲ್ಲಿ ವಿವೇಕದ ಆಯ್ಕೆಯೂ ಆಗಬಹುದು. ಮುಂಬಯಿಯ ಕರಾವಳಿ ರಸ್ತೆಯಲ್ಲಿ ವೇಗದ ಮಿತಿ ಗಂಟೆಗೆ 80 ಕಿಲೋಮೀಟರು, ಅಟಲ್ ಸೇತುವೆಯಲ್ಲಿ 100. ಲೀನಿಯಾದ 114 ಅಶ್ವಶಕ್ತಿಗೆ ಇವೆರಡೂ ಆಟದ ಮಾತು.

ಲೆಕ್ಕದ ಹಾಳೆಯನ್ನು ಮನೆಗೆ ಒಯ್ದ ನಮ್ಮ ಮಿತ್ರರು ಎರಡು ವಾರಗಳ ಮೇಲೆ ಮೂಲದ ಅಳತೆಯದೇ ಹೊಸ ಟರ್ಬೊವನ್ನು ಹಾಕಿಸಿದರು. ಮನಸ್ಸು ಪೂರ್ತಿ ಒಪ್ಪಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಉಳಿದ ಹಣದಲ್ಲಿ ಬ್ರೇಕು, ಟೈರು ಮತ್ತು ಇಂಟರ್‌ಕೂಲರಿನ ಸೀಳಿದ ರಬ್ಬರು ಕೊಳವೆಗಳನ್ನು ಹೊಸದಾಗಿಸಿದರು. ಕೊಳವೆಗಳ ಸೋರಿಕೆ ನಿಂತದ್ದೇ ತಡ, ಕಾರು ಎಷ್ಟೋ ವರ್ಷಗಳ ಹಿಂದಿನ ತನ್ನ ಬಲವನ್ನು ಮರಳಿ ಪಡೆಯಿತು. ಹಳೆಯ ಟರ್ಬೊ ಏಕೆ ಸವೆಯಿತೆಂಬುದನ್ನೂ ನಾವು ಹುಡುಕಿದೆವು. ಟರ್ಬೊದ ಅಚ್ಚು ಎಣ್ಣೆಯ ತೆಳುಪದರದ ಮೇಲೆ ತೇಲುತ್ತಾ ತಿರುಗುತ್ತದೆ. ಪಕ್ಕದಲ್ಲಿಯೇ ಟರ್ಬೈನು 900 ಡಿಗ್ರಿಯ ಹೊಗೆಯಲ್ಲಿ ಕೆಂಪಗಾಗಿರುತ್ತದೆ. ವೇಗದಿಂದ ಬಂದು ನಿಂತ ತಕ್ಷಣ ಎಂಜಿನನ್ನು ಆರಿಸಿದರೆ ಎಣ್ಣೆಯ ಹರಿವು ನಿಂತು, ಉಳಿದ ಎಣ್ಣೆ ಅಲ್ಲಿಯೇ ಸುಟ್ಟು ಕರಿಯಾಗುತ್ತದೆ. ಕರಿ ಕಟ್ಟಿದ ಎಣ್ಣೆಗೊಳವೆಯನ್ನು ಹಾಗೆಯೇ ಬಿಟ್ಟು ಹೊಸ ಟರ್ಬೊ ಹಾಕಿದರೆ ಅದೂ ಹೆಚ್ಚು ಕಾಲ ಬಾಳದು. ಈ ಕಾರಿನ ಕೊಳವೆಯಲ್ಲಿ ಅಂತಹ ಕರಿ ಅರ್ಧದಷ್ಟು ತುಂಬಿತ್ತು, ಅದನ್ನೂ ಬದಲಿಸಲಾಯಿತು.

ಲೆಕ್ಕದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳಿಗೆ ಒಂದು ಸಮಸ್ಯೆ. ಅದೇ ರಂಜನಗಾಂವ್‌ನ ಕಾರ್ಖಾನೆಯಲ್ಲಿ ತಯಾರಾಗುವ ಟಾಟಾ ನೆಕ್ಸಾನ್ ಕಾರಿನ ಪೆಟ್ರೋಲ್ ಎಂಜಿನು 1199 ಸಿ.ಸಿ.; 5500 ಸುತ್ತಿನಲ್ಲಿ 120 ಅಶ್ವಶಕ್ತಿ. ಮೇಲೆ ಹಿಡಿದ ಅಂಕೆಗಳನ್ನೇ ಹಿಡಿದು ಅದರ ಟರ್ಬೊ ಕೊಡಬೇಕಾದ ಗಾಳಿಯ ತೂಕವನ್ನೂ ಒತ್ತಡದ ಪಾಲನ್ನೂ ಕಂಡುಹಿಡಿಯಿರಿ. ಗಾಳಿ ನಿಮಿಷಕ್ಕೆ 5.75 ಕಿಲೋಗ್ರಾಂ, ಒತ್ತಡ 1.78 ಪಾಲಿನ ಆಸುಪಾಸು ಬರಬೇಕು. ಬಾರದಿದ್ದರೆ ಎರಡು ಸುತ್ತಿಗೆ ಒಂದು ಉಸಿರೆಂಬುದನ್ನು ಮರೆತಿರುವಿರೇನೋ, ಮೊದಲು ಅದನ್ನು ನೋಡಿ.